ಮಗ್ಗದ ಕುಣ್ಯಾಗಿನ ಹುಳ

ಬನಹಟ್ಟ್ಯಾಗ ಹುಳ ಸಾಕಾಕಿ ಯಾರು ಅಂತ ಕೇಳ್ರಿ, ಸಣ್ಣ ಹುಡುಗೂರೂ ಅನಸವ್ವನ ಮನಿ ತೋರಸ್ತಾವ. ಆಕಿ ನನ್ನ ನೆಗೆಣ್ಣಿ, ನಮ್ಮ ಭಾವನ ಹೆಂಡ್ತಿ; ನಾ ಅಕ್ಕ ಅಂತೀನಿ. ಇಸ್ಸೀ ಅಂತ ಮೂಗು ಮುಚ್ಚಿಕೊಳ್ಳೋರು ಮುಚ್ಚಿಕೊಳ್ರಿ, ನಾ ಹೇಳಾಕಿನ.

ಮಾವ ತೀರಿಕೊಂಡ ಮ್ಯಾಲ ಪಡಸಾಲ್ಯಾಗಿನ ಕೈಮಗ್ಗ ಬಿಚ್ಚಿದ್ರು. ನೇಕಾರ ಕಾಲು ಇಳಿಬಿಟ್ಟು ಕೂಡೋ ಕುಣಿ ಮಾತ್ರ ಹಂಗ ಉಳೀತು. ಅಕ್ಕ ಅದರಾಗ ಕಪ್ಪು ನೊಣದ ಹುಳ ಬಿಟ್ಲು. ಓಣ್ಯಾಗಿನ ಕಾಯಿಪಲ್ಲೆ ಸಿಪ್ಪಿ, ಹಳಸಿದ ಅನ್ನ ತಿಂದು ಅವು ದಪ್ಪ ಆಗತಾವ; ಮಹಾಲಿಂಗಪುರದ ಕಡೆ ಕೋಳಿ ಸಾಕೋರು ಬಂದು ಒಯ್ತಾರ. ಉಳದಿದ್ದು ಗೊಬ್ಬರ. ಈ ನೊಣ ಮನ್ಯಾಗಿನ ನೊಣದಂಗ ಊಟದ ಮ್ಯಾಲ ಕೂಡೂದಿಲ್ಲ. ಇಷ್ಟು ಹೇಳಿದ್ರೂ ತಿಳೀಲಿಲ್ಲಂದ್ರ ಏನ್ ಮಾಡಬೇಕು?

ಓಣಿ ಹಿರ್ಯಾ ಚನಮಲ್ಲಪ್ಪಗಂತೂ ಮೈಯೆಲ್ಲಾ ಉರಿ. ಅಂವಗ ರೀ ಹಚ್ಚಿ ಮಾತಾಡಾಕ ನನಗ ಬಾಯಿ ಬರಂಗಿಲ್ಲ; ಅಕ್ಕ ಮಾತ್ರ ಮಾವಾರ ಅಂತಾಳ. ಒಂದಿನ ಚಪ್ಪಲಿ ಹಾಕ್ಕೊಂಡ ಪಡಸಾಲಿಗೆ ಬಂದ.

"ನಿಮ್ಮ ಮಾವ ಕೂತು ನೇಯ್ದ ಕುಣ್ಯಾಗ ಹುಳ ಬಿಡ್ತೀಯೇನು? ಅಮಾಸಿಯೊಳಗ ಮಣ್ಣು ಹಾಕಿ ಮುಚ್ಚು. ಇಲ್ಲಂದ್ರ ನಾವ ಮುಚ್ಚತೀವಿ."

"ಮಗ್ಗದ ಕುಣಿ ಅಂತ ಗೊತ್ತೈತಲ್ರಿ ಮಾವಾರ, ಮೊದಲ ಚಪ್ಪಲಿ ಹೊರಗ ಬಿಡ್ರಿ," ಅಂದ್ಲು ಅಕ್ಕ. ಆಕಿ ದಿನಾ ಚಪ್ಪಲಿ ಬಿಟ್ಟು, ಕುಣಿಗೆ ಕೈ ಮುಗದ ಕೆಲಸ ಹಿಡೀತಾಳ. ಅಂವ ಬುಸುಗುಟ್ಟಿಕೋತ ಹೋದ.

ಆ ಸಿಟ್ಟಿನಾಗ ಅಕ್ಕ ಎಡವಿದ್ಲು. ಹುಳ ಲಗೂನ ದಪ್ಪ ಆಗಲಿ ಅಂತ ಬಾಜೂ ಮನಿ ಮಗ್ಗದಾಗ ನೂಲಿಗೆ ಹಚ್ಚಿ ಉಳದ ಗಂಜಿ ತಂದು ಸುರುವಿದ್ಲು. ಬೂಸರ ಬರಬಾರದು, ಹುಳ ಹತ್ತಬಾರದು ಅಂತ ನಾವು ನೇಕಾರರು ಆ ಗಂಜ್ಯಾಗ ಮೈಲುತುತ್ತ ಕಲಸ್ತೀವಿ. ಹುಟ್ಟಿದಾಗಿಂದ ಕಲಸಿದ ಕೈಗೇ ಅದು ಮರತಿತ್ತು! ಮುಂಜಾನೆ ನೋಡಿದ್ರ ಹುಳ ಎಲ್ಲಾ ಸತ್ತು ಬಿದ್ದಿದ್ವು. ನನಗ ಅಳು ಬಂತು.

"ನೋಡು, ದೇವರ ಮುಚ್ಚಿದ," ಅಂದ ಚನಮಲ್ಲಪ್ಪ, ಬಾಗಲಾಗ ನಿಂತು.

"ದೇವರ ಮ್ಯಾಲ ಯಾಕ ಹಾಕ್ತೀರಿ? ಕೊಂದಿದ್ದು ಮೈಲುತುತ್ತ, ಹಾಕಿದಾಕಿ ನಾನು. ಕುಣಿ ಮುಚ್ಚಂಗಿಲ್ಲ."

ಸತ್ತ ಹುಳ ಕೋಳಿಗೆ ಕೊಡಲಾರದ ದೂರ ಹೂಳಿದ್ಲು. ಕುಣಿ ತಿಕ್ಕಿ ತೊಳದ್ಲು, ಮುಧೋಳಕ್ಕ ಹೋಗಿ ಮತ್ತ ಮರಿಹುಳ ತಂದ್ಲು.

ಅಮಾಸಿ ಬಂತು. ಅಂವ ಗುದ್ದಲಿ ಹಿಡ್ಕೊಂಡ ಬರ್ತಾನ ಅಂತ ನಾ ಸೆರಗು ಬಿಗದ ಬಾಗಲಾಗ ನಿಂತಿದ್ದೆ. ಬಂದ, ಖರೆ. ಕೈಯಾಗ ಇದ್ದಿದ್ದು ಬಕೀಟ. ಹಿಂದಿನ ದಿನ ಅವನ ಮನ್ಯಾಗ ಮಮ್ಮಗಳ ಮದವಿ ನಿಶ್ಚೇ ಇತ್ತು. ಕಸದ ಗಾಡಿ ಬರಲಾರದ, ಉಳದ ಅನ್ನ-ಸಾರು ಬಾಗಲದಾಗ ನಾರಾಕತ್ತಿತ್ತು. ಬೀಗರು ಇನ್ನೂ ಹೋಗಿದ್ದಿಲ್ಲ.

"ಅನಸವ್ವಾ, ಇದನ್ನಷ್ಟು ತಗೋ," ಅಂದ, ನೆಲ ನೋಡಿಕೋತ.

ಅಕ್ಕ ಕೈ ಚಾಚಲಿಲ್ಲ. "ಕುಣಿ ಅಲ್ಲೇ ಐತ್ರಿ ಮಾವಾರ. ನಿಮ್ಮ ಕೈಲೇ ಹಾಕ್ರಿ."

ಚನಮಲ್ಲಪ್ಪ ಹಲ್ಲು ಕಡದ. ಆಮ್ಯಾಲ ಹೊಸ್ತಿಲದ ಹೊರಗ ಚಪ್ಪಲಿ ಬಿಟ್ಟು ಒಳಗ ಬಂದ.