ಒಂಬತ್ತು ಎಂಎಂ ಮತ್ತು ಹಿತ್ತಲ ಬಾಗಿಲು

ಸ್ವೀಡನ್ನಿನ ನಾರ್‌ಶೋಪಿಂಗ್‌ನ ನಮ್ಮ ಮನೆಗೆ ಕಳ್ಳ ನುಗ್ಗಿದ್ದು ನವೆಂಬರಿನ ಒಂದು ಮಧ್ಯಾಹ್ನ. ಮಗಳನ್ನು ದಾಗಿಸ್‌ನಿಂದ, ಅಂದರೆ ಇಲ್ಲಿನ ಶಿಶುವಿಹಾರದಿಂದ, ಕರೆತಂದು ಬೀಗ ತೆಗೆದರೆ ಒಳಗೆ ತಣ್ಣನೆಯ ಗಾಳಿ ಸುಳಿಯುತ್ತಿತ್ತು. ಹಿತ್ತಲಿನ ಗಾಜಿನ ಬಾಗಿಲನ್ನು ಮೀಟಿ ತೆಗೆದಿದ್ದರು. ಕಪ್ಪು ಜಾಕೆಟ್ಟಿನ ಬೆನ್ನೊಂದು ಬೇಲಿ ಹಾರಿ ಮರೆಯಾಯಿತು. ಹೋಗಿದ್ದು ಒಂದು ಲ್ಯಾಪ್‌ಟಾಪ್ ಮಾತ್ರ. ಆದರೆ ಮೇಲಿನ ಕಪಾಟು ತಡಕಲು ಅವನು ಮಗಳ ಹಾಸಿಗೆ ಹತ್ತಿದ್ದ. ಹೊದಿಕೆಯ ಮೇಲೆ ಬೂಟಿನ ಕೆಸರಿತ್ತು. ಎರಡು ಸಲ ಒಗೆದೆ, ಆಮೇಲೆ ಎಸೆದುಬಿಟ್ಟೆ.

ನನ್ನ ಗಂಡನ ಕೆಲಸ ದೂರದ ಕಿಸ್ಟಾದಲ್ಲಿ. ವಾರವಿಡೀ ಅಲ್ಲೇ ರೂಮು ಮಾಡಿಕೊಂಡಿದ್ದು ಶುಕ್ರವಾರ ಸಂಜೆ ಬರುತ್ತಾರೆ. ಉಳಿದ ದಿನ ನಾವಿಬ್ಬರೇ. ಪೊಲೀಸರು ಬಂದು ಬರೆದುಕೊಂಡು ಹೋದರು, ಅವನು ಸಿಗಲಿಲ್ಲ. ನಾನು ಪಿಸ್ತೂಲಿನ ಬಗ್ಗೆ ಅಮೆರಿಕದವರ ವಿಡಿಯೋ ನೋಡಲು ಶುರು ಮಾಡಿದೆ. ಆತ್ಮರಕ್ಷಣೆಗೆ ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡು, ಒಳ್ಳೆಯದು? ಫಾರ್ಟಿ ಫೈವ್ ಒಂದೇ ಏಟಿಗೆ ಕೆಡವುತ್ತದಂತೆ, ಆದರೆ ಸಣ್ಣ ಕೈಗೆ ಒದೆತ ಜಾಸ್ತಿ. ತ್ರೀ ಏಟಿ ಹಗುರ, ಆದರೆ ಸಾಲದು. ಒಂಬತ್ತು ಎಂಎಂ ಎರಡರ ನಡುವೆ. ಪಾತ್ರೆ ತೊಳೆಯುವಾಗಲೂ ಇದೇ ಲೆಕ್ಕಾಚಾರ. ಕೊನೆಗೆ ಒಂಬತ್ತು ಎಂಎಂ ಎಂದು ತೀರ್ಮಾನಿಸಿದೆ. ಹಾಗೆ ತೀರ್ಮಾನಿಸಿದ ದಿನ ನನಗೆ ಸ್ವಲ್ಪ ಧೈರ್ಯವೂ ಬಂದಿತ್ತು.

"ನೀನು ಲೇಡಿ ಡಾನ್ ಆಗೋಕೆ ಹೊರಟಿದ್ಯಾ?" ಎಂದು ಗಂಡ ಫೋನಿನಲ್ಲಿ ನಕ್ಕರು.

"ನೀವು ಅಲ್ಲಿ ಕೂತ್ಕೊಂಡು ಜೋಕ್ ಮಾಡ್ಬೇಡಿ. ಇಲ್ಲಿ ಒಂದು ಸೌಂಡ್ ಬಂದ್ರೆ ನನ್ನ ಜೀವ ಬಾಯಿಗೆ ಬರುತ್ತೆ."

ಅವರು ನಗುವುದನ್ನು ನಿಲ್ಲಿಸಿದರು.

ಆಫೀಸಿನಲ್ಲಿ ನನ್ನ ಟೀಮಿನ ಸ್ವೀಡಿಷ್ ಹೆಂಗಸೊಬ್ಬಳು ಶೂಟಿಂಗ್ ಕ್ಲಬ್ಬಿನ ಸದಸ್ಯೆ ಎಂದು ನನಗೆ ಗೊತ್ತಿತ್ತು. ಫೀಕಾ ಎಂಬ ಕಾಫಿ ವಿರಾಮದಲ್ಲಿ, ಲೋಟ ಹಿಡಿದು, ಪಿಸ್ತೂಲು ಕೊಳ್ಳುವ ಬಗ್ಗೆ ಅವಳಲ್ಲಿ ವಿಚಾರಿಸಿದೆ. ಮನೆಯಲ್ಲಿಟ್ಟುಕೊಳ್ಳಲು ಎಂದ ಕೂಡಲೇ ಅವಳ ಮುಖ ಗಂಭೀರವಾಯಿತು.

"ಆತ್ಮರಕ್ಷಣೆ ಅಂತ ಹೇಳಿದರೆ ಇಲ್ಲಿ ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ," ಎಂದಳು. "ನನ್ನದು ಕ್ರೀಡೆಗೆ. ಅದಕ್ಕೂ ಎಷ್ಟೋ ಕಾಲ ಕ್ಲಬ್ಬಿಗೆ ಹೋಗಿ ಬಂದು ಮಾಡಬೇಕಾಯಿತು. ಮನೆಯಲ್ಲಿ ಅದು ಸ್ಟೀಲ್ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಕಳ್ಳ ಬಂದರೆ ನಾನು ಬೀಗದ ಕೈ ಹುಡುಕುತ್ತಾ ಇರಬೇಕಾಗುತ್ತದೆ."

ನನಗೆ ಅಳುವೇ ಬಂತು. ಅದನ್ನು ಕಂಡಳೋ ಏನೋ, "ಶನಿವಾರ ಕ್ಲಬ್ಬಿಗೆ ಬಾ, ಒಮ್ಮೆ ಹೊಡೆದು ನೋಡು," ಎಂದಳು.

ಹೋದೆ. ನೆಲಮಾಳಿಗೆಯ ಉದ್ದನೆಯ ಕೋಣೆ, ಕಿವಿಗೆ ದಪ್ಪ ಮುಚ್ಚಳ. ಮೊದಲು ಸಣ್ಣ ಗುಂಡಿನ ಪಾಯಿಂಟ್ ಟೂ ಟೂ ಕೊಟ್ಟಳು. ಸ್ಟೇಪ್ಲರ್ ಒತ್ತಿದಷ್ಟೇ ಸಲೀಸು. ಆಮೇಲೆ ಕ್ಲಬ್ಬಿನ ಒಂಬತ್ತು ಎಂಎಂ. ಮೊದಲ ಗುಂಡಿಗೆ ಕೈ ಮೇಲಕ್ಕೆ ಹಾರಿತು, ಖಾಲಿ ತೋಟಾ ಬಿಸಿಯಾಗಿ ತೋಳಿಗೆ ಬಡಿಯಿತು. ಎದುರಿನ ಕಾಗದದಲ್ಲಿ ರಂಧ್ರವೇ ಇರಲಿಲ್ಲ.

"ನಿನ್ನ ಮನೆಯಲ್ಲಾದರೆ ಆ ಗುಂಡು ಎಲ್ಲಿಗೆ ಹೋಗುತ್ತಿತ್ತು?" ಎಂದು ಕೇಳಿದಳು. ಚುಚ್ಚುವಂತೇನಲ್ಲ, ಸುಮ್ಮನೆ.

ಹಿತ್ತಲ ಬಾಗಿಲ ಪಕ್ಕದ ಗೋಡೆ ಪ್ಲಾಸ್ಟರ್ ಹಲಗೆಯದು. ಅದರ ಆಚೆ ಮಗಳ ಕೋಣೆ. "ಗೋಡೆ ತಡೆಯುವುದಿಲ್ವಾ?" ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. "ಸಣ್ಣ ಕ್ಯಾಲಿಬರ್ ಆದರೆ?" "ಅದನ್ನೂ ತಡೆಯುವುದಿಲ್ಲ." ಪಿಸ್ತೂಲನ್ನು ಮೇಜಿನ ಮೇಲಿಟ್ಟೆ. ಆ ವಾರವೇ ಬಾಗಿಲಿಗೆ ಹೊಸ ಬೀಗ, ಒಳಗಿನಿಂದ ಕಬ್ಬಿಣದ ಪಟ್ಟಿ, ಅಲಾರಂ ಹಾಕಿಸಿದೆವು. ಭಯ ಮಾತ್ರ ಹಾಗೇ ಉಳಿದಿತ್ತು.

ಏಪ್ರಿಲ್‌ನಲ್ಲಿ ಒಂದು ದಿನ ಮಗಳಿಗೆ ಜ್ವರವೆಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಹಿತ್ತಲ ಬಾಗಿಲ ಹಿಡಿ ಗಡಗಡ ಅಲುಗಾಡಿತು. ಪರದೆಯ ಆಚೆ ಕಪ್ಪು ಕೋಟಿನ ಆಕಾರ, ಕೈಯಲ್ಲಿ ಉದ್ದನೆಯದೇನೋ. ಗಾಜಿಗೆ ಅದರಿಂದ ಕುಟ್ಟುವ ಸದ್ದು. ಮಗಳನ್ನು ಬಾಚಿಕೊಂಡು ಬಚ್ಚಲಿಗೆ ಓಡಿ, ಚಿಲಕ ಹಾಕಿ, ಫೋನಿನಲ್ಲಿ ತುರ್ತು ನಂಬರ್ ಒಂದು ಒಂದು ಎರಡು ಒತ್ತಿದೆ. ವಿಳಾಸವನ್ನು ಎರಡು ಸಲ ಹೇಳಿದೆ.

ಹೊರಗಿನಿಂದ ಒಂದು ದನಿ ಕೇಳಿಸಿತು. ತೆಳ್ಳಗಿನ, ಒಡೆದ ದನಿ: "ಮಮ್ಮಾ! ಮಮ್ಮಾ!"

ಮಗಳು ನನ್ನ ಕೈಯಿಂದ ಮುಖ ಬಿಡಿಸಿಕೊಂಡಳು. "ಅಮ್ಮಿ, ತಾಂತೆನ್! ಅದು ಕಾರ್ನರ್ ಮನೆ ತಾಂತೆನ್!"

ತಾಂತೆನ್ ಅಂದರೆ ಸ್ವೀಡಿಷಿನಲ್ಲಿ ಆಂಟಿ; ಅದು ಮೂಲೆ ಮನೆಯ ಅಜ್ಜಿ. ದಿನಾ ಕಿಟಕಿಯಿಂದ ಮಗಳಿಗೆ ಕೈ ಬೀಸುವವರು. ಇತ್ತೀಚೆಗೆ ಅವರಿಗೆ ಮರೆವು ಹೆಚ್ಚಾಗಿದೆ ಎಂದು ಅವರ ಮಗಳು ನನಗೆ ಹೇಳಿದ್ದರು. ನಮ್ಮ ಸಾಲಿನ ಮನೆಗಳೆಲ್ಲ ಒಂದೇ ತರಹ. ಇದೇ ತನ್ನ ಮನೆಯೆಂದುಕೊಂಡು, ಒಳಗೆ ತನ್ನ ತಾಯಿ ಇದ್ದಾಳೆಂದುಕೊಂಡು ಬಾಗಿಲು ಬಡಿಯುತ್ತಿದ್ದರು. ಪರದೆ ಸರಿಸಿ ನೋಡಿದೆ: ರಾತ್ರಿ ಉಡುಪಿನ ಮೇಲೆ ಕೋಟು, ಬರಿಗಾಲಿಗೆ ಚಪ್ಪಲಿ, ಕೈಯಲ್ಲಿ ಊರುಗೋಲು.

ಫೋನಿನವರಿಗೆ ತಿಳಿಸಿ ಬಾಗಿಲು ತೆಗೆದೆ. ಅಜ್ಜಿಯ ಕೈ ಮಂಜುಗಡ್ಡೆಯಂತಿತ್ತು. ಒಳಗೆ ಕೂರಿಸಿ, ಕಾಲಿಗೆ ನನ್ನ ಉಣ್ಣೆಯ ಸಾಕ್ಸ್ ಹಾಕಿ, ಬಿಸಿ ಚಹಾ ಕೊಟ್ಟೆ. ಬೆಳಗಿನ ಉಪ್ಪಿಟ್ಟು ಉಳಿದಿತ್ತು, ಅದನ್ನೂ ತಿಂದರು. ಜ್ವರದ ಮಗಳು ಎದುರು ಕೂತು ಸ್ವೀಡಿಷಿನಲ್ಲಿ ಏನೇನೋ ಕತೆ ಹೇಳುತ್ತಿದ್ದಳು. ನಾನು ಅಡುಗೆ ಕಟ್ಟೆಗೆ ಒರಗಿ, ಬಾಯಿಗೆ ಅಂಗೈ ಒತ್ತಿ, ಸದ್ದಾಗದಂತೆ ಅತ್ತೆ. ನನ್ನ ಕೈಯಲ್ಲಿ ಏನೂ ಇರಲಿಲ್ಲವಲ್ಲ ಎಂಬ ನೆಮ್ಮದಿಗೆ ಅತ್ತೆ.

ಅಜ್ಜಿಯ ಮಗಳು ಬಂದು ಕರೆದೊಯ್ದ ಮೇಲೆ ಗಂಡನಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ.

"ನಾಳೆನೇ ಬರ್ಲಾ?" ಎಂದರು.

"ಬೇಡ, ಶುಕ್ರವಾರನೇ ಬನ್ನಿ. ನಾನು ಆರಾಮಾಗಿದೀನಿ."

ಅದು ನಿಜವೂ ಆಗಿತ್ತು. ಅಂದು ಸಂಜೆ, ಕಳ್ಳ ಬಂದು ಹೋದ ಮೇಲೆ ಮೊದಲ ಸಲ, ಹಿತ್ತಲ ಕಡೆಗೆ ಬೆನ್ನು ಹಾಕಿ ಕೂತು ಊಟ ಮಾಡಿದೆ.