ಕೆಂಪು ಬಣ್ಣದೊಳಗಿನ ಮನೆ

ಹಾನಗಲ್ಲಿನ ನನ್ನ ಬಾಡಿಗೆ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ದಿನಾ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದು ಹೊಸ ಗೋಡೆಗಳಿಗೆ ಪೈಪಿನಿಂದ ನೀರು ಹೊಡೆಯುತ್ತಾಳೆ. ಹಸಿ ಸಿಮೆಂಟಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ನಿಮಗೆ ಆ ವಾಸನೆ ಇಷ್ಟವಿರಬಹುದು. ನಾನು ಮಾತ್ರ ಎದ್ದು ಕಿಟಕಿ ಮುಚ್ಚುತ್ತೇನೆ. ಒಬ್ಬನೇ ಇರುವವನ ಮನೆಯಲ್ಲಿ ಕಿಟಕಿ ಯಾಕೆ ಮುಚ್ಚಿದೆ ಎಂದು ಕೇಳುವವರಿಲ್ಲ. ಹಾಗಾಗಿ ನಿಮಗೇ ಹೇಳುತ್ತೇನೆ.

ನಿವೃತ್ತನಾಗುವವರೆಗೂ ನಾನು ಮಾಡಿದ್ದು ನೆಲ ಅಳೆಯುವ ಕೆಲಸ. ಎಲ್ಲಿ ನೆಲ ಎತ್ತರ, ಎಲ್ಲಿ ತಗ್ಗು, ಮಳೆ ಬಂದರೆ ನೀರು ಎತ್ತ ಹರಿದೀತು ಎಂದು ನೋಡುವುದು. ಈ ಕೆಲಸಕ್ಕಾಗಿ ಅಕ್ಕಿಆಲೂರು, ಚಿಕ್ಕೇರೂರು ಎಂದು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಊರಿಗೆಲ್ಲ ಮಳೆಯ ಲೆಕ್ಕ ಹಾಕುವವನು ಕೊಡೆ ಮರೆತು ನೆನೆದುಕೊಂಡು ಬಸ್ಸು ಹತ್ತುತ್ತಿದ್ದ ದಿನಗಳೇ ಹೆಚ್ಚು. ಹಾಗೆ ತೊಯ್ದು ನಿಂತಿದ್ದ ಒಂದು ದಿನ ಡ್ರೈವರು ತನ್ನ ಟವೆಲ್ ತೆಗೆದು ಕೊಟ್ಟರು. "ತಲಿ ಒರಸ್ಕೊಳ್ರಿ ಸರ. ನಿಮಗ ಥಂಡಿ ಆದ್ರ ನಮ್ಮೂರ ನೆಲ ಯಾರು ಅಳೀಬೇಕು?" ಎಂದರು. ಅವರೇ ಇಮಾಮಸಾಬರು.

ಅಂದಿನಿಂದ ಅವರ ಹಿಂದಿನ ಸೀಟು ನನ್ನದಾಯಿತು. ಹೆಂಡತಿ ತೀರಿಹೋಗಿ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎನ್ನುವ ಕಾಲ ಅದು. ಆ ಹತ್ತರಲ್ಲಿ ಒಂಬತ್ತನ್ನು ಇಮಾಮಸಾಬರ ಬೆನ್ನಿನ ಜೊತೆಗೇ ಆಡುತ್ತಿದ್ದೆ. ಭಾನುವಾರ, ಅವರ ಬಾಯಲ್ಲಿ ಐತವಾರ, ಅವರ ಮನೆಗೆ ಊಟಕ್ಕೆ ಹೋಗುವುದೂ ರೂಢಿಯಾಯಿತು. ಅವರ ಹೆಂಡತಿ ಬೀಬಿಜಾನರು ಹೊಲಿಗೆ ಮಷಿನ್ನಿನ ಮುಂದಿನಿಂದ ಏಳದೆಯೇ "ಭಾಯಿಗೆ ಇನ್ನೊಂದು ರೊಟ್ಟಿ ಹಾಕ" ಎಂದು ಮಗಳು ಶಮೀಮಳಿಗೆ ಕೂಗುತ್ತಿದ್ದರು.

ಒಂದು ಮಳೆಗಾಲದಲ್ಲಿ ದಾರಿಯ ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು. ಬಸ್ಸಿನ ಜನವೆಲ್ಲ "ಮೊಣಕಾಲಮಟ ಐತಿ, ಹೊಡೀರಿ" ಎಂದು ಗದ್ದಲ ಮಾಡಿದರು. ಇಮಾಮಸಾಬರು ಇಂಜಿನ್ ಬಂದ್ ಮಾಡಿದರು. "ನೀರಿನ ಕೆಳಗ ರಸ್ತಾ ಐತೋ ಇಲ್ಲೋ ನನಗ ಕಾಣ್ಸವಲ್ದು. ನನಗ ಕಾಣದಲ್ಲಿ ನಾ ಹೋಗಂಗಿಲ್ಲ" ಎಂದವರೇ ಇಳಿದು ಬೇವಿನ ಗಿಡದ ಕೆಳಗೆ ಕುಂತುಬಿಟ್ಟರು. ಬೈಸಿಕೊಂಡರೂ ಕದಲಲಿಲ್ಲ. ಸಂಜೆ ನೀರು ಇಳಿದಾಗ ನೋಡಿದರೆ ಸೇತುವೆಯ ಒಂದು ಬದಿ ಕೊಚ್ಚಿಹೋಗಿತ್ತು.

ಅವರ ನಿವೃತ್ತಿ ಹತ್ತಿರ ಬಂದ ಹೊತ್ತಿಗೆ ನಮ್ಮ ಕಚೇರಿಗೆ ಹೊಸ ಕೆಲಸ ಬಂತು. ಊರು ಬೆಳೆಯುತ್ತಿದೆ, ಮಳೆಯ ರೀತಿಯೂ ಬದಲಾಗುತ್ತಿದೆ. ಮುಂದೆ ನೆರೆ ಬಂದರೆ ಯಾವ ಯಾವ ಭಾಗಕ್ಕೆ ಅಪಾಯ ಎಂದು ನಕ್ಷೆ ಮಾಡಬೇಕಿತ್ತು. ನಾನು ಹಳೆಯ ಮಳೆಯ ದಾಖಲೆಗಳನ್ನು ಹರವಿಕೊಂಡು ಕುಂತೆ. ಮೊದಲು ನಾಲ್ಕು ದಿನ ಜಿಟಿಜಿಟಿ ಬೀಳುತ್ತಿದ್ದ ಮಳೆ ಈಗ ಒಂದೇ ಮಧ್ಯಾಹ್ನಕ್ಕೆ ಸುರಿದು ಹೋಗುತ್ತಿತ್ತು. ಅದನ್ನು ಕುಡಿಯುತ್ತಿದ್ದ ಹೊಲಗಳ ಮೇಲೆ ಕಾಂಕ್ರೀಟು ಬಿದ್ದಿತ್ತು. ಕೆರೆಯ ಹೆಚ್ಚಿನ ನೀರು ಹೋಗಲು ಇದ್ದ ಅಗಲವಾದ ಹಳ್ಳವನ್ನು ಮುಚ್ಚಿ, ಎರಡು ಸಿಮೆಂಟ್ ಪೈಪು ಹೂತು, ಅದರ ಮೇಲೆ ಹೊಸ ಬಡಾವಣೆ ಮಾಡಿದ್ದರು. ಲೆಕ್ಕವೆಲ್ಲ ಕಂಪ್ಯೂಟರಿಗೆ ಹಾಕಿದಾಗ ಆ ಬಡಾವಣೆ ನಕ್ಷೆಯಲ್ಲಿ ಕೆಂಪಾಗಿ ಬಂತು.

ಅದೇ ವಾರ ಇಮಾಮಸಾಬರು ಸಂಭ್ರಮದಿಂದ ನನ್ನ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ ಜಾಗವೂ ಅದೇ ಬಡಾವಣೆಯಲ್ಲಿತ್ತು.

"ಇಲ್ಲಿ ಪಡಸಾಲಿ, ಇಲ್ಲಿ ಅಡಿಗಿಮನಿ. ಈ ಕಿಟಕಿ ಕಡೆ ನಿಮ್ಮ ವೈನಿ ಮಷಿನ್ನು. ಹೆಂಗೈತ್ರಿ ಸರ?"

ನನ್ನ ಬಾಯಿಗೆ ಮಾತು ಬಂದಿತ್ತು. ಬೀಬಿಜಾನರು ಸುಣ್ಣದ ಗೆರೆಯ ಮೇಲೆ ನಿಂತು ಕಿಟಕಿ ಬರುವ ಕಡೆ ಕೈಮಾಡಿ ನಗುತ್ತಿದ್ದರು. "ಬೆಳಕು ಛಲೋ ಬರತೈತಿ" ಎಂದೆ. ಆಡಿದ್ದು ಅಷ್ಟೇ.

ಮನಸ್ಸಿಗೆ ನಾನು ಹೇಳಿಕೊಂಡ ಸಮಾಧಾನಗಳು ಒಂದೆರಡಲ್ಲ. ಅಪಾಯ ಎಂದರೆ ನೀರು ಬಂದೇ ಬರುತ್ತದೆ ಎಂದಲ್ಲ, ಬರಬಹುದು ಎಂದು. ನಾನು ವರದಿ ಕೊಟ್ಟಿದ್ದೇನೆ, ಸಂಬಂಧಪಟ್ಟವರು ನೋಡುತ್ತಾರೆ. ಸಭೆಯಲ್ಲಿ ಒಬ್ಬರು "ಈ ಕೆಂಪು ಒಂಚೂರು ತೆಳು ಮಾಡಾಕ ಬರಂಗಿಲ್ಲೇನ್ರಿ?" ಎಂದು ಕೇಳಿದಾಗ ಬರುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಅವತ್ತು ನನ್ನ ಧೈರ್ಯಕ್ಕೆ ನಾನೇ ಮೆಚ್ಚಿದೆ. ವರದಿ ಕಪಾಟು ಸೇರಿತು. ಇಮಾಮಸಾಬರ ಗೋಡೆ ಏಳುತ್ತಿತ್ತು. ಭಾನುವಾರ ಅವರ ಜೊತೆ ನಿಂತು ನಾನೂ ಆ ಗೋಡೆಗಳಿಗೆ ನೀರು ಹೊಡೆದಿದ್ದೇನೆ.

ಎರಡು ಮಳೆಗಾಲ ಏನೂ ಆಗಲಿಲ್ಲ. ನನ್ನ ಲೆಕ್ಕ ತಪ್ಪಿತೆಂದು ನನ್ನಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ಮೂರನೆಯ ಮಳೆಗಾಲದ ಒಂದು ಮಧ್ಯಾಹ್ನ ಮೋಡ ಒಡೆದು ಸುರಿಯಿತು. ಪೈಪಿನ ಬಾಯಿಗೆ ಕಸ ಕಟ್ಟಿ, ನೀರು ಹಳೆಯ ಹಳ್ಳದ ದಾರಿಯನ್ನೇ ಹುಡುಕಿಕೊಂಡು ಬಂತು. ನಾನು ಓಡಿ ಹೋಗುವಷ್ಟರಲ್ಲಿ ಆ ಓಣಿಯಲ್ಲಿ ಎದೆಮಟ್ಟ ಕೆಂಪು ನೀರು. ಮಾಳಿಗೆಗೆ ಹತ್ತುವಾಗ ಬೀಬಿಜಾನರು ಏಣಿಯಿಂದ ಜಾರಿ ಬಿದ್ದಿದ್ದರು. ನಾಲ್ಕು ಜನ ಸೇರಿ ಅವರನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದೆವು. ಸೊಂಟದ ಎಲುಬು ಮುರಿದಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಯಾರೋ ನಕ್ಷೆಯ ವಿಷಯ ಎತ್ತಿದರು. "ಈ ಸಾಹೇಬ್ರು ಮೊದ್ಲ ಬರದು ಕೊಟ್ಟಿದ್ರಂತ, ಅಲ್ಲಿ ನೀರು ಬರತೈತಿ ಅಂತ" ಎಂದರು. ಹೊಗಳಿಕೆಯ ಮಾತೇ. ಇಮಾಮಸಾಬರು ತಲೆ ಎತ್ತಿ ನನ್ನನ್ನು ನೋಡಿದರು.

"ನಿಮಗ ಗೊತ್ತಿತ್ತೇನ್ರಿ?"

ನಾನು ಹೌದೆಂದು ತಲೆ ಆಡಿಸಿದೆ.

"ಎಲ್ಲಾರಿಗೂ ಬರದು ಕೊಟ್ರಿ. ನನಗ ಒಂದು ಮಾತು ಯಾಕ ಹೇಳಲಿಲ್ರಿ?"

ಬೀಬಿಜಾನರನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವರು ಹಾನಗಲ್ಲು ಬಿಟ್ಟು, ಚಿಕ್ಕೇರೂರಿಗೆ ಮದುವೆಯಾಗಿ ಹೋಗಿದ್ದ ಶಮೀಮಳ ಮನೆ ಸೇರಿದರು. ನಾನು ಫೋನು ಮಾಡಲಿಲ್ಲ, ಅವರೂ ಮಾಡಲಿಲ್ಲ. ನನ್ನ ಭಾನುವಾರಗಳು ಖಾಲಿ ಬಿದ್ದವು. ನಿವೃತ್ತಿಯ ದಿನ ಭಾಷಣದಲ್ಲಿ ಯಾರೋ ನನ್ನ ಅಂದಾಜು ಎಷ್ಟು ಕರಾರುವಾಕ್ಕು ಎಂದು ಅದೇ ಬಡಾವಣೆಯ ಉದಾಹರಣೆ ಕೊಟ್ಟರು. ಚಪ್ಪಾಳೆ ಬಿತ್ತು. ಶಾಲು ಹೊದ್ದುಕೊಂಡು ಒಬ್ಬನೇ ಮನೆಗೆ ಬಂದೆ.

ಹೋದ ಭಾನುವಾರ ಕಿಟಕಿ ಮುಚ್ಚಿ ಕುಂತಾಗ ಸಾಕಾಯಿತು. ಬೀಗ ಹಾಕಿ ಚಿಕ್ಕೇರೂರಿನ ಬಸ್ಸು ಹತ್ತಿದೆ.

ಬೀಬಿಜಾನರು ಕೋಲು ಹಿಡಿದು ಬಾಗಿಲಿಗೆ ಬಂದರು. ಒಂದು ಗಳಿಗೆ ನೋಡಿ, "ಸೊರಗೀರಿ ಭಾಯಿ, ಒಳಗ ಬರ್ರಿ" ಎಂದರು. ಇಮಾಮಸಾಬರು ಕಟ್ಟೆಯ ಮೇಲೆ ಸರಿದು ಜಾಗ ಕೊಟ್ಟರು. ಶಮೀಮ ಚಹಾ ಕೊಟ್ಟು ಒಳಗೆ ಹೋದಳು. ಆಮೇಲೆ ನಾನೇ ಹೇಳಿದೆ.

"ಹೆದರಿದ್ದೆ ಇಮಾಮಸಾಬ್ರ. ಹೇಳಿದ್ರ ನೀವು ಮಾತು ಬಿಡ್ತೀರಿ ಅಂತ. ನನಗ ಬ್ಯಾರೆ ಯಾರಿದ್ರು?"

ಅವರು ಚಹಾದ ಕಪ್ಪು ಕೆಳಗಿಟ್ಟರು.

"ಮಾತು ಬಿಡ್ತಿದ್ದೆ. ಖರೆ ಐತಿ. ಆದ್ರ ಅಲ್ಲಿ ಮನಿ ಕಟ್ಟತಿದ್ದಿಲ್ಲ."

ಊಟವಾದ ಮೇಲೆ ಅವರೇ ಎದ್ದರು. "ಶಮೀಮ ಮನಿಗೆ ಒಂದು ಜಾಗ ನೋಡ್ಯಾಳ. ನೋಡ್ತೀರೇನು?" ಅವರು, ಶಮೀಮ, ನಾನು ಮೂವರೂ ನಡೆದು ಹೋದೆವು. ಊರ ಅಂಚಿನ ಒಳ್ಳೆಯ ಜಾಗ, ರಸ್ತೆಗೆ ಹತ್ತಿರ. ಶಮೀಮ ಹುರುಪಿನಿಂದ ಬಾಗಿಲು ಎಲ್ಲಿ, ಮಲ್ಲಿಗೆಯ ಕುಂಡಗಳು ಎಲ್ಲಿ ಎಂದು ಹೇಳುತ್ತಿದ್ದಳು. ನಾನು ಸುತ್ತ ಒಂದು ಸಲ ತಿರುಗಿ ಬಂದೆ. ಮೇಲಿನ ಹೊಲಗಳ ಇಳಿಜಾರು ನೇರ ಇಲ್ಲಿಗೇ ಇಳಿದಿತ್ತು. ಬೇಲಿಯ ಬುಡದಲ್ಲಿ ಹೋದ ವರ್ಷದ ನೀರು ತಂದಿಟ್ಟ ಕಸ ಇನ್ನೂ ಒಣಗಿ ನಿಂತಿತ್ತು.

"ಇಲ್ಲಿ ಬ್ಯಾಡವ್ವ. ನೀರು ಇಲ್ಲೇ ಬರತೈತಿ" ಎಂದೆ.

ಅವಳ ಮುಖ ಇಳಿಯಿತು. "ಎಲ್ಲಾರೂ ಛಲೋ ಐತಿ ಅಂದಾರ್ರಿ ಕಾಕಾ" ಎಂದಳು. ಕಸ ತೋರಿಸಿದೆ, ಇಳಿಜಾರು ತೋರಿಸಿದೆ. ಅವಳು ನಮಗಿಂತ ಮುಂದೆ ಬಿರಬಿರನೆ ನಡೆದು ಮನೆ ಸೇರಿದಳು. ನಾನು ಹೊರಟಾಗ ಹೊರಗೂ ಬರಲಿಲ್ಲ.

ಬಸ್ ನಿಲ್ದಾಣದವರೆಗೆ ಇಮಾಮಸಾಬರು ಬಂದರು. ನನ್ನಿಂದ ಅವರ ಮನೆಯಲ್ಲಿ ಮತ್ತೊಮ್ಮೆ ಒಬ್ಬರು ನೊಂದರಲ್ಲ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಬಸ್ಸು ಬಂತು. ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

"ಆಕಿ ಸಿಟ್ಟು ನಾಕು ದಿನ ಇರತೈತಿ. ಇರ್ಲಿ. ಬರೋ ಐತವಾರ ಮುಂಜಾನಿ ಲಗೂನ ಬರ್ರಿ. ಬ್ಯಾರೆ ಜಾಗ ನೋಡೋಣು."