ನಲವತ್ತು ಎಣಿಸುತ್ತಿದ್ದವಳು

ಆಗ ನನಗೆ ಐವತ್ತಾರು. ಹದಿನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ಟ್ರಂಕಿನ ತಳದಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕನ್ನಡಕ ಸಿಕ್ಕಿತು. ಅದರ ಹಿಂದೆಯೇ ಅವಳೂ ಬಂದಳು, ಹಲ್ಲಿನ ಆಸ್ಪತ್ರೆಯ ಸಿಸ್ಟರ್.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಆಸ್ಪತ್ರೆಯಲ್ಲಿ ನಾನು ಕಸ ಹೊಡೆಯುತ್ತಿದ್ದೆ, ಜನ ಉಗುಳಿದ ಬೋಗುಣಿ ತೊಳೆಯುತ್ತಿದ್ದೆ. ಅವಳದು ದೀಪ ಹಿಡಿಯುವ ಕೆಲಸ. ಉಬ್ಬುಹಲ್ಲಿನ ಮಕ್ಕಳಿಗೆ ತಂತಿ ಕಟ್ಟುವ ಮೊದಲು ಒಂದೊಂದು ಹಲ್ಲಿಗೂ ಜೋಳದ ಕಾಳಿಗಿಂತ ಸಣ್ಣ ಲೋಹದ ಚೂರು ಅಂಟಿಸುತ್ತಾರೆ. ನೀಲಿ ದೀಪ ಹಿಡಿದರೆ ಅಂಟು ಗಟ್ಟಿಯಾಗುತ್ತದೆ. ಹಳೆಯ ದೀಪ ಪಿಸ್ತೂಲಿನ ಹಾಗೆ ದಪ್ಪ. ಹಲ್ಲಿಗೆ ನಲವತ್ತು ಎಣಿಸಬೇಕು. ಹನ್ನೊಂದು ವರ್ಷ ಅವಳು ಎಣಿಸಿದಳು. ನಂಬರಿನ ಕನ್ನಡಕದ ಮೇಲೆ ಕಣ್ಣು ಕಾಯಲು ಕೊಟ್ಟಿದ್ದ ಕಿತ್ತಳೆ ಕನ್ನಡಕ ಕೂರುವುದಿಲ್ಲವೆಂದು ಅದನ್ನು ಮೊಳೆಗೆ ತೂಗುಹಾಕಿ, ಆ ಬೆಳಕನ್ನು ನೇರ ನೋಡುತ್ತಲೇ ಎಣಿಸಿದಳು.

ನಾನೊಮ್ಮೆ ಹಿಡಿಯುತ್ತೇನೆ ಎಂದರೆ ನಗುತ್ತಿದ್ದಳು. "ನಿನಗ ಇಪ್ಪತ್ತರ ಮ್ಯಾಲ ಎಣಿಸಾಕ ಬರಂಗಿಲ್ಲ. ಸುಮ್ನ ಕಸಬರಗಿ ಹಿಡಿಯಕ್ಕ."

ಆಮೇಲೆ ಹೊಸ ದೀಪ ಬಂತು. ಪೆನ್ನಿನಷ್ಟು ಸಣ್ಣದು. ಹತ್ತು ಸೆಕೆಂಡಿಗೆ ತಾನೇ ಪೀಂ ಅನ್ನುತ್ತದೆ. ಅಷ್ಟು ಬೇಗ ಅಂಟುತ್ತದೆಂದು ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಒಂದೇ ಬಾಯಲ್ಲಿ ಬಲಗಡೆಗೆ ಹಳೆಯದು, ಎಡಗಡೆಗೆ ಹೊಸದು ಹಿಡಿಸಿದರು. ಕಿತ್ತುಬಂದ ಚೂರುಗಳನ್ನು ಎರಡು ಮಾತ್ರೆ ಡಬ್ಬಿಗೆ ಹಾಕುವುದು ನನ್ನ ಪಾಲಿಗೆ ಬಂತು. ಬಲದ್ದು ಕೆಂಪು ಮುಚ್ಚಳದ್ದಕ್ಕೆ, ಎಡದ್ದು ಬಿಳಿಯದಕ್ಕೆ. ಹೊಸದರಲ್ಲಿ ಅಂಟು ಗಟ್ಟಿ ನಿಂತರೆ ಎಣಿಸಲು ಬೇರೆ ಆಳು ಬೇಡ ಎಂದರು, ಅವಳ ಎದುರಿಗೇ. ಗಂಡ ಸತ್ತವಳು. ಬೇರೆ ಸಂಪಾದನೆ ಇರಲಿಲ್ಲ.

ಆರು ತಿಂಗಳಲ್ಲಿ ಎರಡು ಡಬ್ಬಿಯೂ ಸರಿಸಮ ತುಂಬಿದವು. ಡಾಕ್ಟರ್ ಹಳೆಯದರ ಬಲ್ಬು ಬದಲಿಸಿದರು, ಅಂಟು ಬದಲಿಸಿದರು, ಕೊನೆಗೆ ಮಕ್ಕಳನ್ನು ಬೈದರು.

ನನಗೆ ಗೊತ್ತಿತ್ತು. ಅವಳು ಚಹಾವನ್ನು ಲೋಟದ ಹೊರಗೆ ಬಗ್ಗಿಸುತ್ತಿದ್ದಳು. ಹಲ್ಲನ್ನು ಬೆರಳಿನಿಂದ ತಡವಿ ದೀಪ ಹಿಡಿಯುತ್ತಿದ್ದಳು. ಬೆಳಕು ಒಸಡಿಗೆ ಬೀಳುತ್ತಿತ್ತು. ಯಾವ ದೀಪವಾದರೇನು... ಒಂದು ದಿನ ನನ್ನ ಕೈ ಹಿಡಿದಳು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಡಾಕ್ಟ್ರಿಗೆ ಹೇಳಬ್ಯಾಡ." ಹೇಳಲಿಲ್ಲ.

ಇಟ್ಟಿಗಿಯ ಹುಡುಗಿಯೊಬ್ಬಳು ಚೂರು ಕಿತ್ತುಕೊಂಡು ಮೂರನೇ ಸಲ ಬಂದಳು. "ಮೆಕ್ಕಿತೆನಿ ಕಡದಾಳ್ರಿ ಇಕಿ" ಎಂದು ತಾಯಿ ಎಲ್ಲರೆದುರು ಕೆನ್ನೆಗೆ ಬಾರಿಸಿದಳು. ತಂತಿ ಚುಚ್ಚಿ ತುಟಿ ಹರಿಯಿತು. ಹುಡುಗಿ ರಕ್ತ ನುಂಗಿ, "ನಾ ತಿಂದಿಲ್ಲಬೇ" ಎಂದಳು. ಸಿಸ್ಟರ್ ಹಳೆಯ ದೀಪ ಹಿಡಿದು ನಿಂತಿದ್ದಳು.

"ಹುಡುಗೀದು ತಪ್ಪಿಲ್ರಿ" ಎಂದೆ ನಾನು. "ಸಿಸ್ಟರಿಗೆ ಕಣ್ಣು ಕಾಣವಲ್ದು."

ಸಿಸ್ಟರ್ ದೀಪವನ್ನು ಟ್ರೇಯಲ್ಲಿಡಲು ಹೋದಳು. ಟ್ರೇ ಒಂದು ಗೇಣು ಆಚೆ ಇತ್ತು.

ಒಡೆದ ಗಾಜನ್ನು ನಾನೇ ಗುಡಿಸಿದೆ.

ಕೆಲಸ ಹೋಗಿ ಅವಳು ಹೊಳಲಿನ ತಮ್ಮನ ಮನೆ ಸೇರಿದಳು. ಪೂರ್ತಿ ಕುರುಡಿಯಾದಳಂತೆ. ಆ ಬೆಳಕಿನಿಂದಲೋ, ಅವಳಿಗಿದ್ದ ಸಕ್ಕರೆ ಕಾಯಿಲೆಯಿಂದಲೋ, ನನಗೇನು ಗೊತ್ತು. ಕನ್ನಡಕ ಹಾಕಿಕೋ ಎಂದು ಡಾಕ್ಟರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನೋಡಲು ಹೋಗಲೂ ಇಲ್ಲ. ಹೋದ ವರ್ಷ ಸತ್ತಳು... ಹುಡುಗಿಯ ಪರ ಮಾತಾಡಿದ್ದು ತಪ್ಪೆಂದು ಈಗಲೂ ಅನಿಸುವುದಿಲ್ಲ.

ಆದರೆ ಆ ದೀಪ ಒಡೆದ ಮರುದಿನ ಬೆಳಿಗ್ಗೆ ಡಾಕ್ಟರ್ ಹೊಸ ದೀಪವನ್ನು ನನ್ನ ಕೈಗಿಟ್ಟರು. ಎಣಿಸುವುದೇನಿಲ್ಲ, ಪೀಂ ಅಂದಾಗ ತೆಗೆ ಎಂದರು. ನಾನು ಮೊಳೆಯ ಮೇಲಿದ್ದ ಕಿತ್ತಳೆ ಕನ್ನಡಕ ತೆಗೆದು, ಸೆರಗಿನಿಂದ ಧೂಳು ಒರೆಸಿ ಹಾಕಿಕೊಂಡೆ.